ಎರಡು ಚೀಟಿ, ಒಂದು ಹಲಗೆ

"ಮೇಷ್ಟ್ರೇ, ನಾನು ಮುಟ್ಟದ ಪಟ್ಟಿಯಿಂದ ಹೆಸರುಗಳು ಹೇಗೆ ಹೋದವು?"

ಕೇಳಿದವಳು ಶರ್ವಾಣಿ. ಮಹಾಲಿಂಗ ಮೇಷ್ಟ್ರ ಬಳಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಳು. ಆಸ್ಪತ್ರೆಯೊಂದಕ್ಕಾಗಿ ಅವಳು ಬರೆದ ಪ್ರೋಗ್ರಾಮಿನಲ್ಲಿ ರೋಗಿಗಳ ಪಟ್ಟಿ ಇತ್ತು. ಆ ಪಟ್ಟಿಗೆ ಇನ್ನೊಂದು ಹೆಸರು ಕೊಟ್ಟು, ಅದು ಹೊಸ ಪಟ್ಟಿಯೆಂದು ತಿಳಿದು, ಬೇಡದವರನ್ನು ಅದರಿಂದ ತೆಗೆದಿದ್ದಳು. ನೋಡಿದರೆ ಹಳೆಯ ಪಟ್ಟಿಯಲ್ಲೂ ಅವರಿರಲಿಲ್ಲ.

"ಹಳೆಯದರ ತಂಟೆಗೇ ನಾನು ಹೋಗಿಲ್ಲ. ಮಧ್ಯಾಹ್ನ ಆಸ್ಪತ್ರೆಯವರಿಗೆ ಒಪ್ಪಿಸಬೇಕು," ಎಂದಳು.

ಮೇಷ್ಟ್ರು ಕಂಪ್ಯೂಟರಿನ ಕಡೆ ನೋಡಲಿಲ್ಲ. ಒಂದು ಕಥೆ ಹೇಳತೊಡಗಿದರು.

ಒಂದು ನಡುಗಡ್ಡೆಯಲ್ಲಿ ಹದಿನೈದು ಮಂದಿ ಇದ್ದರು. ಹೊಳೆ ಏರುವ ಸುದ್ದಿ ಬಂದಾಗ ಎಲ್ಲರೂ ತಮ್ಮ ಹೆಸರು ಬರೆಸಿದರು. ದಡದ ಊರಿನ ಹಿರಿಯ ಆ ಹೆಸರುಗಳನ್ನು ಚಾವಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ದಡ ಸೇರಿದವರ ಹೆಸರನ್ನು ಅಳಿಸುವುದೆಂದು ತೀರ್ಮಾನವಾಯಿತು.

ಒಬ್ಬ ಮುದಿ ಅಂಬಿಗನಿಗೆ ಹಿರಿಯ ಒಂದು ಚೀಟಿ ಕೊಟ್ಟ. 'ಪಟ್ಟಿ ಚಾವಡಿಯ ಹಲಗೆಯ ಮೇಲಿದೆ' ಎಂದು ಅದರಲ್ಲಿತ್ತು. ಆಮೇಲೆ ಬಂದ ಕಿರಿಯ ಅಂಬಿಗ ಆ ಚೀಟಿಯನ್ನು ತನ್ನ ಕೈಯಾರೆ ನಕಲು ಮಾಡಿಕೊಂಡ. ತನಗೂ ಒಂದು ಪಟ್ಟಿ ಸಿಕ್ಕಿತೆಂದು ತಿಳಿದ.

ನಡುಗಡ್ಡೆಯ ಮೇಲ್ಗಡೆ ಮುದುಕನ ಪಾಲಿಗೆ, ಕೆಳಗಡೆ ಕಿರಿಯನ ಪಾಲಿಗೆ ಬಂತು. ಮುದುಕ ಹರಿಗೋಲು ಹತ್ತಿದ. ಕಿರಿಯ ಮೊದಲು ಚೀಟಿಯಲ್ಲಿದ್ದಂತೆ ಚಾವಡಿಗೆ ಹೋಗಿ, ಅಲ್ಲಿರುವುದು ತನ್ನದೇ ಪಟ್ಟಿಯೆಂದು ತಿಳಿದು, ತನ್ನ ಪಾಲಿನವರಲ್ಲದ ಒಂಬತ್ತು ಹೆಸರುಗಳನ್ನು ಅಳಿಸಿದ. ಆರು ಹೆಸರು ನೆನಪಿಟ್ಟುಕೊಂಡು ಹೊರಟ.

ಮುದುಕನ ಹರಿಗೋಲಿನಲ್ಲಿ ನಾಲ್ವರಿಗೆ ಮಾತ್ರ ಜಾಗ. ಎರಡು ಸಲ ಹೋಗಿ ಎಂಟು ಮಂದಿಯನ್ನು ತಂದ. ನೀರು ಕೆಂಪಾಗಿ ಏರುತ್ತಲೇ ಇತ್ತು. ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ಹಲಗೆ ನೋಡಿದ. ಮೇಲ್ಗಡೆಯವರ ಹೆಸರೊಂದೂ ಇರಲಿಲ್ಲ. ಹರಿಗೋಲನ್ನು ಎಳೆದು ಕಟ್ಟಿದ.

ಕಿರಿಯ ತನ್ನ ಆರು ಮಂದಿಯನ್ನೂ ತಂದು, ಅವರ ಹೆಸರುಗಳನ್ನೂ ಅಳಿಸಿ ಕೇಳಿದ: "ಕಾಕಾ, ನಿಮ್ಮ ಒಂಬತ್ತು ಮಂದಿಯೂ ಬಂದರೇ?"

"ನಾನು ತಂದದ್ದು ಎಂಟು. ಹಲಗೆಯ ಮೇಲೆ ಹೆಸರಿರಲಿಲ್ಲ. ಉಳಿದವರನ್ನು ನೀನೇ ತಂದಿರಬೇಕು ಅಂದುಕೊಂಡೆ."

"ನಾನು ತರಲಿಲ್ಲ. ನನ್ನ ಪಟ್ಟಿಯಿಂದ ತೆಗೆದೆ, ಅಷ್ಟೆ."

"ನಿನ್ನ ಪಟ್ಟಿ ಯಾವುದೋ? ಚಾವಡಿಯಲ್ಲಿ ಇರುವುದು ಒಂದೇ ಹಲಗೆ!"

ಕಿರಿಯನಿಗೆ ತನ್ನ ತಪ್ಪು ಹೊಳೆಯಿತು. ಹಲಗೆ ಬರಿದಾಗಿದ್ದರಿಂದ ಯಾರನ್ನು ಕೂಗಬೇಕೆಂದೂ ತಿಳಿಯದು. ದಡದಲ್ಲಿ ಕುಳಿತವರ ನಡುವೆ ಓಡಾಡಿ ಒಬ್ಬೊಬ್ಬರನ್ನೇ ಕೇಳಿದ. ಕೊನೆಗೆ ಒಬ್ಬ ಹೆಂಗಸು, "ದ್ಯಾಮವ್ವ ಆಡು ಬಿಚ್ಚಿ ಬರ್ತೀನಿ ಅಂತ ಹೋದಳು," ಎಂದಳು.

ಇಬ್ಬರೂ ಒಂದೇ ಹರಿಗೋಲಿನಲ್ಲಿ ಹೊರಟರು. ಹೊಲ ಕಾಣಲಿಲ್ಲ, ದಾರಿ ಕಾಣಲಿಲ್ಲ. ಕಿರಿಯ ಎರಡು ಸಲ ಕೂಗಿದ. ಉತ್ತರವಿಲ್ಲ. ಮೂರನೆಯ ಸಲ ಬೇವಿನ ಮರದ ಕಡೆಯಿಂದ ದನಿ ಬಂತು. ಕೊಂಬೆ ತಬ್ಬಿ ನಿಂತವಳ ಸೊಂಟದವರೆಗೆ ನೀರು ಬಂದಿತ್ತು. ಎಳೆದು ಕೂರಿಸಿದರು. ಅವಳು ಅಳಲಿಲ್ಲ.

"ನಾನು ಹೆಸರು ಬರೆಸಿದ್ದೆನಲ್ಲಪ್ಪ," ಎಂದಳು.

ಕಿರಿಯ ದಡ ಮುಟ್ಟುವವರೆಗೂ ತಲೆ ಎತ್ತಲಿಲ್ಲ.

ಶರ್ವಾಣಿ ಉಸಿರು ಬಿಟ್ಟಳು. "ನಾನು ನಕಲು ಮಾಡಿದ್ದು ಚೀಟಿಯನ್ನು, ಪಟ್ಟಿಯನ್ನಲ್ಲ. ಗೊತ್ತಾಯಿತು ಮೇಷ್ಟ್ರೇ. ಇನ್ನು ಮೇಲೆ ಎಲ್ಲ ಕಡೆಯೂ ಪಟ್ಟಿಯನ್ನೇ ನಕಲು ಮಾಡಿಬಿಡುತ್ತೇನೆ," ಎಂದು ಕೀಲಿಮಣೆಗೆ ಕೈ ಚಾಚಿದಳು.

ಮೇಷ್ಟ್ರು ಹೇಳಿದರು: "ಅಂಬಿಗರೂ ಹಾಗೆ ಮಾಡಿದ್ದರೆ, ದ್ಯಾಮವ್ವ ಮನೆ ಸೇರಿ ಮೈ ಒರೆಸಿಕೊಳ್ಳುವಾಗಲೂ, ಅವಳ ಹೆಸರು ಅಳಿಯದ ಎರಡನೆಯ ಪಟ್ಟಿ ಹಿಡಿದವನು ಆ ಪ್ರವಾಹದಲ್ಲಿ ಅವಳನ್ನು ಕೂಗುತ್ತಲೇ ಇರುತ್ತಿದ್ದ."