ಒಗೆಯದೆ ತಂದ ಅಂಗಿ

ಹರಿಯುವ ನೀರಿನಲ್ಲೂ ಉರುಳುವ ಚೆಂಡಿನಲ್ಲೂ ಒಂದೇ ಸಮನಾಗಿ ಇರುವ ಭಗವಂತನಿಗೆ ಕೈಮುಗಿದು ಕಥೆಗೆ ತೊಡಗೋಣ.

ಆಫ್ರಿಕಾದ ಘಾನಾ ದೇಶದಲ್ಲಿ, ವೋಲ್ಟಾ ನದಿಯ ದಡದಲ್ಲಿ, ಡೊಟ್ಸೆ ಎಂಬ ಗುರುಗಳಿದ್ದರು. ಕಲಿಸುತ್ತಿದ್ದ ವಿದ್ಯೆ ಫುಟ್‌ಬಾಲ್. ದೇವರನ್ನು ನೆನೆಯದೆ ಒಂದು ದಿನವೂ ಚೆಂಡು ಮುಟ್ಟಿದವರಲ್ಲ.

ಅವರದೊಂದು ನೇಮ. ಪರದೇಶದಲ್ಲಿ ಆಡಿ ಮುಗಿಸಿ ಬಂದ ಶಿಷ್ಯ ತನ್ನ ಕೊನೆಯ ಪಂದ್ಯದ ಅಂಗಿಯನ್ನು ಒಗೆಯದೆ ತಂದೊಪ್ಪಿಸಬೇಕು. ಗುರುಗಳು ಕೈಯಾರೆ ಒಗೆದು, ಮೈದಾನದ ಪಕ್ಕದ ಹಗ್ಗಕ್ಕೆ ಹಾಕುತ್ತಿದ್ದರು. ಆ ಹಗ್ಗದ ಮೇಲೆ ಅಂಗಿ ಬಿದ್ದರೇನೇ ಅವನು ಡೊಟ್ಸೆಯವರ ಶಿಷ್ಯ ಎಂದು ಊರು ಒಪ್ಪುತ್ತಿತ್ತು.

ಹನ್ನೊಂದು ವರ್ಷ ಅಮೆರಿಕದಲ್ಲಿ ಆಡಿದ ಅವರ ಶಿಷ್ಯ ಎಲಿಕೆಮ್ ಊರಿಗೆ ಮರಳಿದ. ದೋಣಿಯಲ್ಲೇ ಅಂಬಿಗ ಕೆಣಕಿದ.

“ಏನಯ್ಯಾ ಅಮೆರಿಕದವನೇ, ಟಿ.ವಿ.ಯಲ್ಲಿ ನಿನ್ನನ್ನು ಹುಡುಕಿ ಹುಡುಕಿ ನನ್ನ ಕಣ್ಣೇ ಹೋಯಿತು!”

ಎಲ್ಲರೂ ನಕ್ಕರು. ಎಲಿಕೆಮ್ ಕೂಡ ನಕ್ಕ. ಆದರೆ ಮುಖ ಬಿಸಿಯಾಯಿತು. ಅವನು ಆಡಿದ್ದು ಅಲ್ಲಿಯ ದೊಡ್ಡ ಲೀಗಿನಲ್ಲಲ್ಲ. ಎರಡು ಮೂರು ಮೆಟ್ಟಿಲು ಕೆಳಗಿನ ಲೀಗುಗಳಲ್ಲಿ, ಸಣ್ಣ ಸಣ್ಣ ಊರುಗಳಲ್ಲಿ.

ಗುರುಗಳ ಮುಂದೆ ಮಂಡಿಯೂರಿ ಅಂಗಿ ಕೊಟ್ಟ. ದೊಡ್ಡ ಕ್ಲಬ್ಬಿನ ಅಂಗಿ. ಅಮೆರಿಕದಿಂದ ಹೊರಡುವ ಮುನ್ನ ಅಂಗಡಿಯಲ್ಲಿ ಕೊಂಡು, ಬೆನ್ನಿಗೆ ತನ್ನ ಹೆಸರು ಹಾಕಿಸಿ, ಮುದುರಿ ಮುದುರಿ ಹಳತು ಮಾಡಿದ್ದ.

ಗುರುಗಳು ನದಿಯ ನೀರನ್ನು ಬೋಗುಣಿಗೆ ತುಂಬಿ ಅಂಗಿ ಅದ್ದಿದರು. ಭಕ್ತಿಯಿಂದ ಉಜ್ಜಿದರು. ಮತ್ತೆ ಉಜ್ಜಿದರು. ನೀರು ತಿಳಿಯಾಗಿಯೇ ಇತ್ತು.

“ಭಾರಿ ಆಟಗಾರ ಕಣಪ್ಪಾ ನೀನು. ಒಂದು ಹನಿ ಬೆವರೂ ಹರಿಸಿಲ್ಲ!”

ಎಲಿಕೆಮ್ ತಲೆ ತಗ್ಗಿಸಿದ.

“ಬ್ಯಾಗಿನಲ್ಲಿ ಇನ್ನೇನಿದೆ?”

“ಏನಿಲ್ಲ ಗುರುಗಳೇ. ಹಳೇ ಬಟ್ಟೆ.”

“ಒಗೆಯೋಕೆ ಬೇಕಾದ್ದು ಅದೇ ಅಲ್ವೇ? ತೆಗಿ.”

ಬ್ಯಾಗಿನ ತಳದಿಂದ ಇನ್ನೊಂದು ಅಂಗಿ ಬಂತು. ಕೆಸರು ಒಣಗಿ ರಟ್ಟಿನ ಹಾಗಾಗಿತ್ತು. ಎದೆಯ ಮೇಲೆ ತಂಡಕ್ಕೆ ಹಣ ಕೊಟ್ಟ ಯಾವುದೋ ಟೈರ್ ಅಂಗಡಿಯ ಹೆಸರು. ಭುಜದಲ್ಲಿ ಬೇರೆ ಬಣ್ಣದ ದಾರದ ಹೊಲಿಗೆ.

ಅದ್ದಿದೊಡನೆ ಬೋಗುಣಿಯ ನೀರು ಕೆಂಪಾಯಿತು.

“ಎಲ್ಲಿಯ ಮಣ್ಣು ಇದು?”

“ಕೊನೆಯ ಪಂದ್ಯ ಆಡಿದ ಒಂದು ಶಾಲೆಯ ಮೈದಾನದ್ದು. ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ, ಇಳಿದವರೇ ಆಡಿದೆವು. ಮಳೆ ಬೇರೆ.”

“ಈ ಹೊಲಿಗೆ?”

“ನಾನೇ ಹಾಕಿದ್ದು. ಅಲ್ಲಿ ನಮ್ಮದು ನಾವೇ ನೋಡಿಕೊಳ್ಳಬೇಕು.”

“ಗೆದ್ದಿರೋ?”

“ಡ್ರಾ ಆಯಿತು. ಕೊನೆಯ ನಿಮಿಷದಲ್ಲಿ ಗೋಲಿನ ಗೆರೆಯ ಮೇಲೆ ಬಿದ್ದು ಚೆಂಡು ತಡೆದೆ.”

“ನೋಡಿದವರೆಷ್ಟು?”

“ಮುನ್ನೂರು ಜನ ಇದ್ದರು. ಮಳೆ ಜೋರಾದ ಮೇಲೆ ನಲವತ್ತು.”

“ಟಿ.ವಿ. ಇಲ್ಲ, ಜನ ಇಲ್ಲ. ಚೆಂಡು ಬಿಟ್ಟುಬಿಡಬಹುದಿತ್ತಲ್ಲಪ್ಪಾ?”

ಎಲಿಕೆಮ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಬಿಡೋದನ್ನ ನೀವು ಕಲಿಸಲೇ ಇಲ್ಲವಲ್ಲ, ಗುರುಗಳೇ!”

ಗುರುಗಳ ಕೈ ನಿಂತಿತು. ಕೆಸರುಗೈಯಲ್ಲೇ ಆಕಾಶಕ್ಕೊಮ್ಮೆ ಮುಗಿದರು. ಆಮೇಲೆ ಮೂರು ಸಲ ನೀರು ಬದಲಿಸಿ ಆ ಅಂಗಿ ಒಗೆದರು. ಹೊಸ ಅಂಗಿಯಲ್ಲಿ ಕೈ ಒರೆಸಿಕೊಂಡರು.

ದಡದಲ್ಲಿ ಅಂಬಿಗ ದೋಣಿ ಕಟ್ಟುತ್ತ ಇತ್ತಲೇ ನೋಡುತ್ತಿದ್ದ. ಆ ಅಂಗಿ ಹಾಕಲೆಂದು ಗುರುಗಳು ಹಗ್ಗದ ಒಂದು ತುದಿ ಬಿಚ್ಚಿ ಅವನನ್ನು ಕೂಗಿ ಕರೆದರು.

“ಬಾರಯ್ಯಾ ಇಲ್ಲಿ, ಈ ತುದಿ ಹಿಡಿ. ಎರಡೂ ಕೈಯಲ್ಲಿ ಹಿಡಿ. ಹನ್ನೊಂದು ವರ್ಷದ ಭಾರವಿದೆ.”

ಕೇಳಿದ ನಿಮ್ಮೆಲ್ಲರ ಮನೆಯ ಹಗ್ಗದ ಮೇಲೂ ಭಗವಂತನ ಬಿಸಿಲು ಬೀಳಲಿ.