ಮಾರಮ್ಮನ ಮದ್ದಿನ ಕೊಂಬು

ಕರೇಕಲ್ಲು ದುರ್ಗದ ದೊರೆ ಹಾಲಪ್ಪನಾಯಕನಿಗೆ ಎರಡೇ ಹೆಮ್ಮೆ: ತನ್ನ ಮೀಸೆ ಮತ್ತು ತನ್ನ ಆಜ್ಞೆಗಳು. ಮೀಸೆಗೆ ದಿನಾ ಎಣ್ಣೆ ಬೇಕಿತ್ತು, ಆಜ್ಞೆಗೆ ಹೊಗಳಿಕೆ ಸಾಕಿತ್ತು.

ಆ ವರ್ಷ ಹೊಸ ಆಜ್ಞೆ ಹೊರಟಿತು. ಕೋವಿ ಯಾರ ಬಳಿಯಾದರೂ ಇರಲಿ, ಅದಕ್ಕೆ ಮದ್ದು ತುಂಬುವ ಕೊಂಬಿಗೆ ಮಾತ್ರ ಅರಮನೆಯ ಮುದ್ರೆ ಬೇಕು, ಒಡೆಯನ ಹೆಸರು ದಫ್ತರದಲ್ಲಿ ಇರಬೇಕು. ಒಡೆಯ ಸತ್ತರೆ ಕೊಂಬು ಮದ್ದಿನಮನೆಗೆ ವಾಪಸ್ಸು. ಬದುಕಿದ್ದಾಗ ಬೇರೆಯವರ ಹೆಸರಿಗೆ ಮಾಡಬಹುದು, ಆದರೆ ಆಯುಧಪೂಜೆಯ ದಿನ ಇಬ್ಬರೂ ದೊರೆಯ ಮುಂದೆ ನಿಲ್ಲಬೇಕು. ಪಡೆಯುವವರಿಗೆ ಸೀಮೆಯಲ್ಲಿ ಹೊಲವಿರಬೇಕು. ಮಕ್ಕಳಿಗೂ ನೆಂಟರಿಗೂ ಕೊಡುವಂತಿಲ್ಲ. ಕೊನೆಗೆ ವಾಡಿಕೆಯ ಒಕ್ಕಣೆಯ ಒಂದು ಸಾಲು. ಅದಕ್ಕೆ ಯಾರೂ ಕಿವಿಗೊಡುತ್ತಿರಲಿಲ್ಲ.

"ಹೇಗಿದೆ? ಇರುವೆ ನುಸುಳಲೂ ಸಂದಿಯಿಲ್ಲ!" ಎಂದ ದೊರೆ.

"ಇರುವೆಯನ್ನು ಕೇಳಿ ನೋಡಿದಿರಾ ಪ್ರಭು?" ಎಂದ ಬೊಮ್ಮರಸ. ಆಸ್ಥಾನದಲ್ಲಿ ದೊರೆಗೆ ಎದುರು ಮಾತಾಡಲು ಬಾಯಿ ತುರಿಸುವ ಮನುಷ್ಯನೆಂದರೆ ಅವನೊಬ್ಬನೇ.

"ಆಯುಧಪೂಜೆ ಬರುವುದರೊಳಗೆ ಸಂದಿ ಹುಡುಕಿದರೆ ಕೇಳಿದ್ದು ಕೊಡುತ್ತೇನೆ. ಇಲ್ಲದಿದ್ದರೆ ನಿನ್ನ ಮೀಸೆ ಬೋಳಿಸುತ್ತೇನೆ!"

ಮದ್ದಿನಮನೆಯ ಅಧಿಕಾರಿ ಸೂರಪ್ಪಯ್ಯ ಕಿಸಕ್ಕನೆ ನಕ್ಕ. ನಗದೇ ಏನು? ವಾಪಸ್ಸು ಬಂದ ಕೊಂಬುಗಳೆಲ್ಲ ಅವನ ಭಾವಮೈದುನರ ಸೊಂಟಕ್ಕೆ ಹೋಗುತ್ತಿದ್ದವು. ಅವರು ಮೊಲ ಹೊಡೆದು ತಿಂದು ಕೊಬ್ಬಿದ್ದರು.

ಮರುದಿನವೇ ಬೊಮ್ಮರಸನ ಜಗಲಿಗೆ ಕಣಿವೆಹಟ್ಟಿಯ ಮುದಿ ಗುರಿಕಾರ ಗಾದ್ರಣ್ಣ ಕೆಮ್ಮುತ್ತ ಬಂದ. ಜೊತೆಗೆ ಮಗಳು ಕಾಟವ್ವ, ಹಟ್ಟಿಯ ಮಾರಮ್ಮನ ಗುಡಿಯ ಪೂಜಾರಿಣಿ.

"ಬುದ್ಧಿ, ಈ ಸುಗ್ಗಿ ದಾಟಿದ್ರೆ ನನ್ ಪುಣ್ಯ. ಸಾಯಾಕೆ ಹೆದ್ರಿಕೆ ಇಲ್ಲ. ಆದ್ರೆ ನನ್ ಹಿಂದೇನೇ ಕೊಂಬೂ ಹೋಯ್ತದೆ. ಕೊಂಬಿಲ್ಲದ ಕೋವಿ ಬರೀ ದೊಣ್ಣೆ. ಹಂದಿ ಹಿಂಡು ಇಳಿದ್ರೆ ಮೂವತ್ತು ಮನೆ ನವಣೆ ಮಣ್ಣಾಯ್ತದೆ. ಈಗ ಕಾಯ್ತಿರೋಳು ಇವಳೇ."

"ಅಪ್ಪನಿಗಿಂತ ನನ್ ಗುರೀನೇ ವಾಸಿ," ಎಂದಳು ಕಾಟವ್ವ. ಗಾದ್ರಣ್ಣ ಕೆಮ್ಮಿನ ನಡುವೆಯೇ ಹೌದೆಂದು ತಲೆಯಾಡಿಸಿದ.

"ನೆಂಟನಲ್ಲದ ನಂಬಿಕಸ್ಥನಿಗೆ ಕೊಟ್ಟುಬಿಡು," ಎಂದ ಬೊಮ್ಮರಸ.

"ನಮ್ ಹಟ್ಟೀಲಿ ನಾಯೀನೂ ನೆಂಟನೇ ಬುದ್ಧಿ! ಕೊಟ್ರೂ ಅವನೊಂದಿನ ಸಾಯಾಕಿಲ್ವಾ? ಆಮೇಲೆ?"

ಬೊಮ್ಮರಸ ಮೀಸೆ ಸವರಿಕೊಂಡ. ಅದರ ಮೇಲೂ ಅವನಿಗೆ ಆಸೆಯಿತ್ತು, ಸುಳ್ಳೇಕೆ? ಆದರೆ ಈಗ ಮೀಸೆ ಬಿಟ್ಟು ಮುದುಕನ ಕಡೆ ತಿರುಗಿದ.

"ನಿಮ್ಮ ಹಟ್ಟಿಯಲ್ಲಿ ಸಾಯದವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದ.

ಗಾದ್ರಣ್ಣನ ಮುಖ ಬಾಡಿತು. ಗೇಲಿ ಮಾಡುತ್ತಿದ್ದಾನೆ ಅಂದುಕೊಂಡ. ಕಾಟವ್ವ ಮಾತ್ರ ಒಂದು ಗಳಿಗೆ ಕಣ್ಣು ಪಿಳುಕಿಸಿ, ಆಮೇಲೆ ಗೊಳ್ಳೆಂದು ನಕ್ಕಳು.

ಆಯುಧಪೂಜೆಯ ದಿನ ಸಭೆ ತುಂಬಿತ್ತು. ಕ್ಷೌರಿಕ ಕತ್ತಿ ಮಸೆದು ಬಾಗಿಲಲ್ಲೇ ಕುಳಿತಿದ್ದ. ಅಷ್ಟರಲ್ಲಿ ಉರುಮೆಯ ಸದ್ದಾಯಿತು. ಗಾದ್ರಣ್ಣ ಕೊಂಬು ಹಿಡಿದು ಒಳಗೆ ಬಂದ. ಹಿಂದೆ ಕಾಟವ್ವ, ತಲೆಯ ಮೇಲೆ ಬೇವಿನ ಸೊಪ್ಪು ಮುಚ್ಚಿದ ಬುಟ್ಟಿ.

"ಕೊಂಬು ಯಾರ ಹೆಸರಿಗೆ?" ಸೂರಪ್ಪಯ್ಯ ಲೇಖನಿ ಎತ್ತಿದ.

"ಬುಟ್ಟಿಯಲ್ಲಿದ್ದಾಳೆ. ಕಣಿವೆ ಮಾರಮ್ಮ," ಎಂದ ಬೊಮ್ಮರಸ.

ಸಭೆಯೆಲ್ಲ ದಡಬಡಿಸಿ ಎದ್ದು ಕೈಮುಗಿಯಿತು. ದೊರೆಯೂ ಎದ್ದ.

"ಹೊ... ಹೊಲ?" ಎಂದು ತೊದಲಿದ ಸೂರಪ್ಪಯ್ಯ.

"ಅಮ್ಮನ ಹೆಸರಿಗೆ ದೊರೆಗಳ ತಾತ ಬಿಟ್ಟ ಮಾನ್ಯದ ಹೊಲವಿದೆ."

"ಊರಿಗೆಲ್ಲ ತಾಯಿ ಅವಳು! ಅಲ್ಲಿಗೆ ನೆಂಟಸ್ತನವಾಯಿತು!"

"ಹಾಗಾದರೆ ನಿಮಗೂ ತಾಯಿ. ನೀವೂ ಗಾದ್ರಣ್ಣನೂ ಒಡಹುಟ್ಟಿದವರು. ಬನ್ನಿ, ಅಪ್ಪಿಕೊಳ್ಳಿ."

"ಬಾ ಚಿಕ್ಕಪ್ಪಾ," ಎಂದಳು ಕಾಟವ್ವ. ಸೂರಪ್ಪಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಗುಂಡು ಹೊಡೆಯಲು ಅಮ್ಮನೇ ಬರುತ್ತಾಳೋ?"

"ಅಮ್ಮನ ಉರುಮೆ ಬಾರಿಸಲು ಅಮ್ಮನೇ ಬರುತ್ತಾಳೆಯೇ? ಅದಕ್ಕೆ ಉರುಮೆಯವನಿದ್ದಾನೆ. ಕೊಂಬಿಗೆ ಪೂಜಾರಿಣಿ ಕಾಟವ್ವ ಇದ್ದಾಳೆ. ಅವಳ ನಂತರ ಗುಡಿಯ ಗಂಟೆ ಹಿಡಿದವರು."

"ಮೋಸ ಪ್ರಭು! ಇವಳು ಸಾಯುವುದೂ ಇಲ್ಲ, ಕೊಂಬು ವಾಪಸ್ಸು ಬರುವುದೂ ಇಲ್ಲ!"

"ಸತ್ತ ದಿನವೇ ತಂದೊಪ್ಪಿಸುತ್ತೇವೆ. ಅಮ್ಮ ಸತ್ತಳೆಂದು ನೀವೇ ಗುಡಿಯ ಮುಂದೆ ನಿಂತು ಸಾರಿದರಾಯಿತು," ಎಂದ ಬೊಮ್ಮರಸ.

ಸೂರಪ್ಪಯ್ಯ ಗಲ್ಲ ಗಲ್ಲ ಬಡಿದುಕೊಂಡ. ಆದರೆ ದೊರೆಯ ಮುಖ ಕೆಂಡವಾಗಿತ್ತು.

"ದೇವರ ಹೆಸರು ಮುಂದಿಟ್ಟು ಸ್ವತ್ತು ಉಳಿಸಿಕೊಳ್ಳುವ ಈ ಕಳ್ಳ ಉಪಾಯ ಯಾರದು? ಅವನ ತಲೆ ತೆಗೆಸುತ್ತೇನೆ!"

ಗಾದ್ರಣ್ಣನ ಕೈಯಿಂದ ಕೊಂಬು ಜಾರಿತು. ಕಾಟವ್ವ ಹಿಡಿದುಕೊಂಡಳು. ಬೊಮ್ಮರಸ ಒಂದು ಹೆಜ್ಜೆ ಮುಂದೆ ಬಂದ.

"ಹೇಳುತ್ತೇನೆ ಪ್ರಭು. ಮೊದಲು ಆಜ್ಞೆಯ ಕೊನೆಯ ಸಾಲು ಓದಿಸಿ."

ಸೂರಪ್ಪಯ್ಯ ಓದಿದ: "ಈ ದುರ್ಗವು ದುರ್ಗದಮ್ಮನ ಸ್ವತ್ತು. ಹಾಲಪ್ಪನಾಯಕ ಅವಳ ಪಾದಸೇವಕ."

"ಹಿಂದೆ ನಾಯಕರು ತೀರಿಕೊಂಡರೆ ದುರ್ಗ ಕಪ್ಪ ಪಡೆಯುವ ಸುಲ್ತಾನನಿಗೆ ಸೇರಬೇಕೆಂಬ ಕರಾರಿತ್ತು," ಎಂದ ಬೊಮ್ಮರಸ ಮೆಲ್ಲಗೆ. "ನಿಮ್ಮ ತಂದೆಯವರು ಹಾಸಿಗೆ ಹಿಡಿದಾಗ ಸುಲ್ತಾನನ ಸರದಾರ ಆನೆಗಳೊಂದಿಗೆ ಕೆಳಗೆ ಕಾದಿದ್ದ. ನಿಮ್ಮ ತಂದೆಯವರು ಆಗ ಬರೆಸಿದ ಸಾಲು ಅದು. ಸರದಾರನೂ ನೀವು ಕೇಳಿದ್ದನ್ನೇ ಕೇಳಿದ, ಈ ಕಳ್ಳ ಉಪಾಯ ಯಾರದು ಅಂತ. ಅವನಿಗೆ ಏನು ಹೇಳಿ ಕಳಿಸಿದಿರೋ, ಅದನ್ನೇ ನಮಗೂ ಹೇಳಿ."

ದೊರೆ ತನ್ನ ಸಿಂಹಾಸನವನ್ನು ನೋಡಿದ, ಕೊಂಬನ್ನು ನೋಡಿದ, ಬುಟ್ಟಿಯನ್ನು ನೋಡಿದ. ಮೀಸೆಯ ತುದಿ ಅಲುಗಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಮುದ್ರೆ ಒತ್ತಿರಿ! ಸೂರಪ್ಪಯ್ಯ, ನಿನ್ನ ಭಾವಮೈದುನರ ಕೊಂಬುಗಳೂ ನಾಳೆಯೇ ಇಲ್ಲಿಗೆ ಬರಲಿ."

ಗಾದ್ರಣ್ಣ ಮಗಳ ಭುಜ ಹಿಡಿದು ಅತ್ತುಬಿಟ್ಟ. ಕ್ಷೌರಿಕ ನಿರಾಸೆಯಿಂದ ಕತ್ತಿ ಮಡಚಿಟ್ಟ.

"ಗೆದ್ದೆ ಬೊಮ್ಮರಸ. ಏನು ಬೇಕು, ಕೇಳು."

"ನುಸುಳಿದ್ದು ಇರುವೆ ಪ್ರಭು, ನಾನಲ್ಲ. ಅದಕ್ಕೊಂದಚ್ಚು ಬೆಲ್ಲ ಕೊಡಿಸಿ."

ಸಂಜೆಯೊಳಗೆ ಕಣಿವೆಹಟ್ಟಿಗೆ ಒಂದು ಗಾಡಿ ಬೆಲ್ಲ ಹೋಯಿತು.