ಒಂಟಿ ಸೀನು ಮತ್ತು ಕಾಳವ್ವನ ಮೇಕೆ

ಹಾಲಗುಂಡಿಯ ದೊರೆ ಚೆಂಗರಾಯನಿಗೆ ಎರಡು ಹುಚ್ಚು. ಒಂದು ಬೇಳೆ ಹೋಳಿಗೆ, ಇನ್ನೊಂದು ತನ್ನನ್ನು ತಾನೇ ಹೊಗಳಿಕೊಳ್ಳುವುದು.

"ನನ್ನ ಸೀಮೆಯ ಬೀದಿಗಳಲ್ಲಿ ಒಬ್ಬ ಕಳ್ಳನಿಲ್ಲ! ಎಲ್ಲರೂ ಸೆರೆಮನೆಯಲ್ಲಿದ್ದಾರೆ. ಜಾಗ ಸಾಲದೆ ಆನೆಲಾಯವನ್ನೂ ಬಿಟ್ಟುಕೊಟ್ಟಿದ್ದೇನೆ" ಎಂದು ಅವನು ಸಭೆಯಲ್ಲಿ ಮೀಸೆ ತಿರುವಿದ.

ಸಭೆ ತಲೆದೂಗಿತು. ತೂಗದಿದ್ದ ತಲೆ ಒಂದೇ, ದೊರೆಗೆ ವೀಳ್ಯ ಮಡಿಸಿಕೊಡುವ ಈರಣ್ಣನದು.

"ಅವರೆಲ್ಲ ಕಳ್ಳರೇ ಅಂತ ತೀರ್ಮಾನ ಆಗಿದೆಯಾ ಪ್ರಭು? ಬುಟ್ಟಿ ಹೆಣೆಯೋ ಕಾಳವ್ವನ್ನೇ ನೋಡಿ. ಅವಳ ಮೇಕೆ ನ್ಯಾಯಾಧಿಕಾರಿಗಳ ರುಮಾಲು ತಿಂದಿತು ಅಂತ ಇಬ್ಬರನ್ನೂ ಒಳಗೆ ಹಾಕಿದರು. ಮೇಕೆ ಅಲ್ಲೇ ಈಯಿತು, ಮರಿಗಳೂ ಮರಿ ಹಾಕಿದವು. ವಿಚಾರಣೆ ಮಾತ್ರ ಶುರುವಾಗಿಲ್ಲ."

ಕಾರಣವಿಷ್ಟೇ. ನ್ಯಾಯಾಧಿಕಾರಿ ಸಂಕಣ್ಣಯ್ಯನವರಿಗೆ ನಶ್ಯದ ಚಟ. ಪೀಠದಲ್ಲಿ ಕೂತ ಕೂಡಲೇ ಒಂದು ಚಿಟಿಕೆ ಏರಿಸಿ "ಆಕ್ಷೀ!" ಎಂದು ಒಂದೇ ಒಂದು ಸಲ ಸೀನುತ್ತಿದ್ದರು. ಒಂಟಿ ಸೀನು ಅಪಶಕುನ, ಜೋಡಿಯಾದರೆ ಪರವಾಗಿಲ್ಲ. ಜೋಡಿ ಎಂದೂ ಆಗುತ್ತಿರಲಿಲ್ಲ. "ವಿಚಾರಣೆ ಮುಂದಿನ ಹುಣ್ಣಿಮೆಗೆ" ಎಂದು ಎದ್ದುಬಿಡುತ್ತಿದ್ದರು.

"ಕಾಯಲಿ ಬಿಡು. ಪುಕ್ಕಟೆ ಗಂಜಿ ಕುಡಿದುಕೊಂಡು ಕೂತಿರುವುದೂ ಒಂದು ಶಿಕ್ಷೆಯೇ? ಶಿಕ್ಷೆ ಹೌದು ಅಂತ ನಾಳೆ ಊಟ ಮುಗಿಯುವಷ್ಟರಲ್ಲಿ ನನ್ನ ಬಾಯಲ್ಲೇ ಹೇಳಿಸು. ಆಗದಿದ್ದರೆ ಮೇಕೆಯ ಪಕ್ಕ ನಿನಗೂ ಒಂದು ಚಾಪೆ!" ಎಂದ ದೊರೆ.

"ಆಗಲಿ ಪ್ರಭು. ಕಾಳವ್ವ, ಮೇಕೆ, ನ್ಯಾಯಾಧಿಕಾರಿಗಳು, ಮೂವರನ್ನೂ ಊಟದ ಹೊತ್ತಿಗೆ ಕರೆಸಿ."

ಮರುದಿನ ಬಾಳೆಲೆಯ ಮೇಲೆ ಬಿಸಿ ಹೋಳಿಗೆ, ಅದರ ಮೇಲೆ ತುಪ್ಪ. ದೊರೆ ಕೈ ಚಾಚಿದ. ಈರಣ್ಣ ಮೆಲ್ಲಗೆ ನಶ್ಯದ ಡಬ್ಬಿ ತೆರೆದು ಸಂಕಣ್ಣಯ್ಯನವರ ಮೂಗಿನ ಹತ್ತಿರ ಹಿಡಿದ. ಪುಕ್ಕಟೆ ನಶ್ಯವನ್ನು ಬೇಡವೆನ್ನುವ ಮೂಗೇ ಅದು?

"ಆಕ್ಷೀ!"

ದೊರೆಯ ಕೈ ಹಿಂದೆ ಬಂತು. ಶಕುನದ ವಿಷಯದಲ್ಲಿ ಅವನು ಸಂಕಣ್ಣಯ್ಯನವರಿಗಿಂತ ಹೆದರುಪುಕ್ಕ. ಸ್ವಲ್ಪ ತಡೆದು ಮತ್ತೆ ಚಾಚಿದ. ಮತ್ತೊಂದು ಚಿಟಿಕೆ, ಮತ್ತೊಂದು ಒಂಟಿ ಆಕ್ಷೀ. ಹೋಳಿಗೆ ಆರಿತು. ತುಪ್ಪ ಗಟ್ಟಿಯಾಯಿತು. ದೊರೆಯ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು.

"ನಾನೇನು ತಪ್ಪು ಮಾಡಿದೆ ಅಂತ ಈ ಶಿಕ್ಷೆ?" ಎಂದು ಕೊನೆಗೆ ಕೂಗಿಯೇಬಿಟ್ಟ.

"ಶಿಕ್ಷೆ ಅಂತ ತಾವೇ ಅಂದಿರಿ ಪ್ರಭು! ನಾನು ಬರೀ ಕಾಯೋದು ಅಂದುಕೊಂಡಿದ್ದೆ."

ದೊರೆ ಪೆಚ್ಚಾದ. ಕಂಬದ ಬಳಿ ಮೇಕೆಯ ಹಗ್ಗ ಹಿಡಿದು ನಿಂತಿದ್ದ ಕಾಳವ್ವನಿಗೆ ತಡೆಯಲಾಗಲಿಲ್ಲ.

"ಬುದ್ಧೀ, ಈ ಮೇಕೆ ಒಳಗಿದ್ದುಕೊಂಡೇ ಮೊಮ್ಮಕ್ಕಳನ್ನ ನೆಕ್ಕಿ ಮುದ್ದಾಡ್ತು. ನನ್ನ ಮಗಳ ಕೂಸು ಈಗ ಓಡಾಡ್ತೈತಂತೆ. ನಾನಿನ್ನೂ ಅದರ ಮುಖ ಕಂಡಿಲ್ಲ" ಎಂದು ಹಗ್ಗ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೊರೆಗೆ ನಾಚಿಕೆಯಾಯಿತು. ನಾಚಿಕೆಯಾದಾಗ ದೊರೆಗಳು ಮಾಡುವುದನ್ನೇ ಅವನೂ ಮಾಡಿದ, ಬೇರೆಯವರ ಮೇಲೆ ಹರಿಹಾಯ್ದ. "ಹಾಕಿ ಈ ಸಂಕಣ್ಣಯ್ಯನನ್ನು ಒಳಗೆ!"

"ವಿಚಾರಣೆ ಮಾಡದೆ ಬೇಡ ಪ್ರಭು, ಅವರ ಮಾತನ್ನೂ ಕೇಳೋಣ" ಎಂದ ಈರಣ್ಣ.

"ಪ್ರಭು, ನಾನು ನಿರ್ದೋ... ಆಕ್ಷೀ!"

"ಅಯ್ಯೋ, ಒಂಟಿ ಸೀನು! ವಿಚಾರಣೆ ಮುಂದಿನ ಹುಣ್ಣಿಮೆಗೆ. ಅಲ್ಲಿವರೆಗೆ ತಾವು ಒಳಗಿರಬೇಕು ಸ್ವಾಮಿ."

"ತಾಳು, ತಾಳು! ಇನ್ನೊಂದು ಬರ್ತಿದೆ!" ಸಂಕಣ್ಣಯ್ಯ ಸೂರ್ಯನನ್ನು ದಿಟ್ಟಿಸಿದರು, ಮೂಗನ್ನು ಉಜ್ಜಿದರು, ಉತ್ತರೀಯದ ತುದಿಯನ್ನು ಹೊಸೆದು ಮೂಗಿಗೆ ತುರುಕಿದರು. ಸೀನು ಬರಲೊಲ್ಲದು. ಅಷ್ಟರಲ್ಲಿ ಈರಣ್ಣ ದೂರ ನೆಲದ ಮೇಲೆ ಸರಿಸಿಟ್ಟಿದ್ದ ನಶ್ಯದ ಡಬ್ಬಿಗೆ ಮೇಕೆ ಮೂತಿಯಿಟ್ಟಿತು.

"ಫ್ಸ್ಛೀ!"

"ಜೋಡಿ ಆಯ್ತು!" ಸಂಕಣ್ಣಯ್ಯ ಕುಣಿದಾಡಿದರು.

"ಎಲ್ಲಿ ಆಯ್ತು ಸ್ವಾಮಿ? ಅದು ಆರೋಪ ಹೊತ್ತ ಮೇಕೆ. ಅದರ ಸೀನು ಅರಮನೆಯಲ್ಲಿ ಲೆಕ್ಕಕ್ಕಿಲ್ಲ. ನಿರ್ದೋಷಿ ಆಗಿದ್ದಿದ್ದರೆ ಆ ಮಾತು ಬೇರೆ."

"ನಿರ್ದೋಷಿ! ಮೇಕೆ ನಿರ್ದೋಷಿ! ಕಾಳವ್ವ ನಿರ್ದೋಷಿ! ರುಮಾಲನ್ನು ಯಾರು ತಿಂದರೋ ನಾನಂತೂ ನೋಡಿಲ್ಲ!"

ದೊರೆ ನಕ್ಕು ನಕ್ಕು ಸುಸ್ತಾದ. ನ್ಯಾಯಾಧಿಕಾರಿಯನ್ನು ಕ್ಷಮಿಸಿ, "ಇನ್ನು ಮೇಲೆ ಸೀನಿದರೂ ಕೆಮ್ಮಿದರೂ ವಿಚಾರಣೆ ನಿಲ್ಲಕೂಡದು. ಆನೆಲಾಯದಲ್ಲಿರುವವರ ವಿಚಾರಣೆ ಇವತ್ತಿನಿಂದಲೇ ಶುರು" ಎಂದು ಅಪ್ಪಣೆ ಮಾಡಿ ಎಲೆಯತ್ತ ತಿರುಗಿದ.

ಎಲೆ ಖಾಲಿ! ಮೇಕೆಯ ಗಡ್ಡದಲ್ಲಿ ತುಪ್ಪ ಹೊಳೆಯುತ್ತಿತ್ತು.

ಕಾವಲುಗಾರರು ಈಟಿ ಎತ್ತಿದರು. ಕಾಳವ್ವ ಓಡಿಬಂದು ಮೇಕೆಗೆ ಅಡ್ಡ ನಿಂತಳು. ದೊರೆ ಈರಣ್ಣನ ಮುಖ ನೋಡಿದ. "ಈಗೇನೋ ಮಾಡೋದು? ಇದಂತೂ ನಮ್ಮ ಕಣ್ಣೆದುರಿನ ಕಳ್ಳತನ!"

"ಕಾಳವ್ವನನ್ನ ಮೊಮ್ಮಗುವಿನ ಹತ್ತಿರ ಕಳಿಸಿಕೊಡಿ ಪ್ರಭು, ಮೇಕೆ ಸಮೇತ" ಎಂದ ಈರಣ್ಣ, ವೀಳ್ಯ ಮಡಿಸುತ್ತಾ. "ಶಿಕ್ಷೆಯನ್ನ ಅದು ಎಂದೋ ಅನುಭವಿಸಿ ಮುಗಿಸಿದೆ. ಅಪರಾಧ ಒಂದು ಬಾಕಿ ಇತ್ತು, ಅದನ್ನ ಈಗ ಮಾಡಿದೆ."